ಡಾಕ್ಟ್ರಮ್ಮನ ಟಪಾಲು: ಬೀಟ್‌ರೂಟ್ ಮಂತ್ರಿಯ ಬಗ್ಗೆ ಬಂದ ಪತ್ರಗಳು

ಕಳೆದ ಸಂಚಿಕೆಯಲ್ಲಿ ಒಬ್ಬರು ‘ಬೆಳ್ಳುಳ್ಳಿ ತಿಂದರೆ ಎಚ್‌ಐವಿ ಹತೋಟಿಗೆ ಬರುತ್ತಾ?’ ಎಂದು ಕೇಳಿದ್ದರು. ಬರುವುದಿಲ್ಲ ಎಂದು ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದೆ: ದಕ್ಷಿಣ ಆಫ್ರಿಕಾದಲ್ಲಿ ಬೆಳ್ಳುಳ್ಳಿಯನ್ನು ಔಷಧಿಯ ಪಕ್ಕದಲ್ಲೇ ಕೂರಿಸಿದ ಆರೋಗ್ಯ ಮಂತ್ರಿಯೊಬ್ಬರಿದ್ದರು, ಅವರೂ ಡಾಕ್ಟರೇ ಎಂದು. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಮಂಡಿನೋವು, ಮುಟ್ಟಿನ ತೊಂದರೆ, ಕೂದಲು ಉದುರುವಿಕೆ ಎಲ್ಲಕ್ಕೂ ರಜೆ.

ಡಾಕ್ಟ್ರಮ್ಮ, ಆ ಮಂತ್ರಿ ಯಾರು? ನಿಜವಾಗಲೂ ಓದಿದ ಡಾಕ್ಟರಾ, ಅಥವಾ ಹೆಸರಿನ ಮುಂದೆ ಸುಮ್ನೆ ಹಾಕಿಕೊಂಡಿದ್ದಾ?
*— ಇತಿಹಾಸ ಓದುತ್ತಿರುವ ವಿದ್ಯಾರ್ಥಿನಿ*

ಓದಿದ ಡಾಕ್ಟರೇ ಕಣಮ್ಮ. ಅದೇ ನನಗೆ ಹೊಟ್ಟೆ ಉರಿಸುವ ವಿಷಯ.

ಹೆಸರು ಮಾಂಟೊ ಚಬಲಾಲಾ-ಮ್ಸಿಮಾಂಗ್. ಹುಟ್ಟಿದ್ದು 1940ರಲ್ಲಿ, ಡರ್ಬನ್ನಿನಲ್ಲಿ. ಕರಿಯರಿಗೆ ಒಳ್ಳೆಯ ಕಾಲೇಜು ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಫೋರ್ಟ್ ಹೇರ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದರು. ಮಂಡೇಲಾ ಅವರೂ ಓದಿದ ಜಾಗ ಅದು. 1962ರಲ್ಲಿ, ಬಿಳಿಯರ ಆಡಳಿತದ ವಿರುದ್ಧ ಹೋರಾಡುತ್ತಿದ್ದ ಮಂಡೇಲಾ ಅವರ ಎಎನ್‌ಸಿ ಪಕ್ಷ ಒಂದಷ್ಟು ಹುಡುಗ ಹುಡುಗಿಯರನ್ನು ಗಡಿ ದಾಟಿಸಿ, ಹೊರಗೆ ಓದಿಕೊಂಡು ಬನ್ನಿ ಎಂದು ಕಳಿಸಿತು. ಆ ಗುಂಪಿನಲ್ಲಿ ಮಾಂಟೊ ಇದ್ದರು. ಥಾಬೊ ಎಂಬೆಕಿ ಎಂಬ ಹುಡುಗನೂ ಇದ್ದ. ಈ ಹೆಸರನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಮಾಂಟೊ ವೈದ್ಯಕೀಯ ಓದಿದ್ದು ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್‌ನಲ್ಲಿ. ಆಮೇಲೆ ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಹೆರಿಗೆ ಮತ್ತು ಸ್ತ್ರೀರೋಗದ ತರಬೇತಿ. 1980ರ ಹೊತ್ತಿಗೆ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ನಡುವೆ ಬೋಟ್ಸ್ವಾನಾದ ಆಸ್ಪತ್ರೆಯಲ್ಲಿ ಕೆಲಸ. ಸುಮಾರು ಮೂರು ದಶಕ ಸ್ವಂತ ದೇಶಕ್ಕೆ ಕಾಲಿಡಲಾಗಲಿಲ್ಲ. ಗಂಡ ಮೆಂಡಿ ಮ್ಸಿಮಾಂಗ್ ಕೂಡ ಪಕ್ಷದ ಹಿರಿಯ ಕಟ್ಟಾಳು, ಮುಂದೆ ಅದರ ಖಜಾಂಚಿಯಾದವರು.

1994ರಲ್ಲಿ ಎಲ್ಲರಿಗೂ ವೋಟು ಬಂತು, ಮಾಂಟೊ ಸಂಸದೆಯಾದರು. ಸಂಸತ್ತಿನ ಆರೋಗ್ಯ ಸಮಿತಿಯ ಅಧ್ಯಕ್ಷೆ, 1996ರಿಂದ ನ್ಯಾಯ ಇಲಾಖೆಯ ಉಪಮಂತ್ರಿ. 1999ರ ಜೂನ್‌ನಲ್ಲಿ ಎಂಬೆಕಿ ರಾಷ್ಟ್ರಾಧ್ಯಕ್ಷರಾದಾಗ ಮಾಂಟೊ ಆರೋಗ್ಯ ಮಂತ್ರಿ. ಆಗ ಜನ ಖುಷಿಪಟ್ಟರು. ಏಡ್ಸ್ ವಿರುದ್ಧ ಹೋರಾಡುತ್ತಿದ್ದವರೂ ಖುಷಿಪಟ್ಟರು. ಹೆರಿಗೆ ವಾರ್ಡ್ ಗೊತ್ತಿರುವ ಹೆಣ್ಣುಮಗಳು ಆ ಕುರ್ಚಿಗೆ ಬಂದರೆ ಯಾರು ತಾನೇ ಬೇಡ ಅಂತಾರೆ?

ಬೆಳ್ಳುಳ್ಳಿ ತಿಂದರೆ ಏಡ್ಸ್ ವಾಸಿಯಾಗುತ್ತೆ ಅಂತ ಅವರು ಹೇಳೇ ಇಲ್ಲ, ಅದು ಪಾಶ್ಚಾತ್ಯ ಪತ್ರಿಕೆಗಳ ಅಪಪ್ರಚಾರ. ನೀವೂ ಅದನ್ನೇ ನಂಬಿಕೊಂಡಿದ್ದೀರಿ.
*— ಪ್ರಕೃತಿ ಚಿಕಿತ್ಸೆಯಲ್ಲಿ ನಂಬಿಕೆ ಇಟ್ಟವನು*

ನಾನು ‘ವಾಸಿಯಾಗುತ್ತೆ’ ಎಂದು ಬರೆದಿರಲಿಲ್ಲ ಸ್ವಾಮಿ. ‘ಔಷಧಿಯ ಪಕ್ಕದಲ್ಲಿ ಕೂರಿಸಿದರು’ ಎಂದು ಬರೆದಿದ್ದೆ. ಆ ಎರಡರ ನಡುವಿನ ಸಂದಿಯಲ್ಲೇ ಅವರು ಅಷ್ಟು ವರ್ಷ ಓಡಾಡಿದ್ದು.

ಅವರ ಮಾತಿನ ವರಸೆ ಹೀಗಿತ್ತು: ಒಳ್ಳೆಯ ಆಹಾರ ಬೇಕು, ಬೆಳ್ಳುಳ್ಳಿ, ನಿಂಬೆ, ಬೀಟ್‌ರೂಟ್, ಆಲಿವ್ ಎಣ್ಣೆ ದೇಹಕ್ಕೆ ಒಳ್ಳೆಯದು. ಎಚ್‌ಐವಿ ಮಾತ್ರೆಗಳಿಗೆ ಅಡ್ಡಪರಿಣಾಮ ಇದೆ. ಏನು ಬೇಕೋ ರೋಗಿಯೇ ಆರಿಸಿಕೊಳ್ಳಲಿ. ಬಿಡಿಬಿಡಿಯಾಗಿ ನೋಡಿದರೆ ಯಾವ ವಾಕ್ಯವೂ ಪೂರ್ತಿ ಸುಳ್ಳಲ್ಲ. ಆದರೆ ಮಾತ್ರೆಯ ಸುದ್ದಿ ಬಂದಾಗೆಲ್ಲ ವಿಷ, ವಿಷ ಅನ್ನುವುದು, ತರಕಾರಿಯ ಸುದ್ದಿ ಬಂದಾಗೆಲ್ಲ ಮುಖ ಅರಳಿಸುವುದು. ಆರೋಗ್ಯ ಮಂತ್ರಿಯ ಬಾಯಿಂದ ಇದನ್ನು ಕೇಳಿದ ಹಳ್ಳಿಯ ಹೆಂಗಸು ಏನು ಆರಿಸಿಕೊಳ್ಳಬೇಕು, ನೀವೇ ಹೇಳಿ.

2006ರ ಆಗಸ್ಟ್‌ನಲ್ಲಿ ಟೊರಾಂಟೊದಲ್ಲಿ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ನಡೆಯಿತು. ದಕ್ಷಿಣ ಆಫ್ರಿಕಾದ ಮಳಿಗೆಯಲ್ಲಿ ನಿಂಬೆ, ಬೆಳ್ಳುಳ್ಳಿ, ಬೀಟ್‌ರೂಟ್ ಜೋಡಿಸಿಟ್ಟಿದ್ದರು. ಜಗತ್ತಿನ ಏಡ್ಸ್ ವೈದ್ಯರೆಲ್ಲ ಓಡಾಡುವ ಜಾಗ ಅದು. ಆಫ್ರಿಕಾದ ಏಡ್ಸ್ ವಿಷಯಕ್ಕೆ ವಿಶ್ವಸಂಸ್ಥೆಯ ವಿಶೇಷ ದೂತರಾಗಿದ್ದ ಸ್ಟೀಫನ್ ಲೂಯಿಸ್ ಸಮಾರೋಪ ಭಾಷಣದಲ್ಲೇ ದಕ್ಷಿಣ ಆಫ್ರಿಕಾ ಸರ್ಕಾರಕ್ಕೆ ನೀರಿಳಿಸಿದರು. ಮುಂದಿನ ತಿಂಗಳು ಎಂಬತ್ತಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ, ಈ ಮಂತ್ರಿಯನ್ನು ತೆಗೆಯಿರಿ ಎಂದು ಎಂಬೆಕಿಗೆ ಪತ್ರ ಬರೆದರು. ‘ಡಾಕ್ಟರ್ ಬೀಟ್‌ರೂಟ್’ ಅನ್ನುವ ಹೆಸರು ಆಗಲೇ ಅಂಟಿತ್ತು. ಅದನ್ನು ಇಟ್ಟಿದ್ದು ಪಾಶ್ಚಾತ್ಯರಲ್ಲ, ಅವರ ದೇಶದವರೇ.

ನಿಮಗೆ ಇನ್ನೊಂದು ವಿಷಯ. ಬೆಳ್ಳುಳ್ಳಿ ನಿರುಪದ್ರವಿ ಅನ್ನುವುದೂ ಪೂರ್ತಿ ನಿಜವಲ್ಲ. ಸ್ಯಾಕ್ವಿನಾವಿರ್ ಎಂಬ ಎಚ್‌ಐವಿ ಮಾತ್ರೆಯ ಜೊತೆ ಬೆಳ್ಳುಳ್ಳಿ ಗುಳಿಗೆ ನುಂಗಿಸಿ ಪರೀಕ್ಷೆ ಮಾಡಿದಾಗ, ರಕ್ತದಲ್ಲಿ ಔಷಧಿಯ ಮಟ್ಟ ಅರ್ಧಕ್ಕೆ ಇಳಿದಿತ್ತು. ಅಡುಗೆಯ ಎರಡು ಎಸಳಿಗೆ ಹೆದರಬೇಡಿ, ನಾನು ಹೇಳುತ್ತಿರುವುದು ಗುಳಿಗೆಯ ಮಾತು. ಅಲ್ಲಿ ‘ಆಫ್ರಿಕನ್ ಆಲೂಗಡ್ಡೆ’ ಅಂತ ಒಂದು ಗೆಡ್ಡೆಯನ್ನೂ ಹೊಗಳುತ್ತಿದ್ದರು. ಹೆಸರಿಗಷ್ಟೇ ಆಲೂಗಡ್ಡೆ, ಜಾತಿಯೇ ಬೇರೆ. ಅದರ ಸಾರವೂ ಯಕೃತ್ತಿನಲ್ಲಿ ಔಷಧಿ ಕರಗಿಸುವ ಕಿಣ್ವಗಳಿಗೆ ಅಡ್ಡ ಬರುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ.

ಮೇಡಂ, ನಾನು ಹೆರಿಗೆ ವಾರ್ಡ್ ನರ್ಸ್. ಒಂದೇ ಒಂದು ಮಾತ್ರೆಗಾಗಿ ಆ ದೇಶದಲ್ಲಿ ಕೋರ್ಟ್ ಕೇಸ್ ನಡೆಯಿತಂತೆ. ಒಂದು ಮಾತ್ರೆಗೆ ಯಾಕೆ ಅಷ್ಟು ಜಗಳ?
*— ಸ್ಟಾಫ್ ನರ್ಸ್*

ನಿಮಗೆ ವಾರ್ಡಿನ ಭಾಷೆಯಲ್ಲೇ ಹೇಳುತ್ತೇನೆ, ನಾನೂ ಅಲ್ಲೇ ಕೂದಲು ನರೆಸಿಕೊಂಡವಳು.

ಮಾತ್ರೆಯ ಹೆಸರು ನೆವಿರಾಪಿನ್. ಅಮ್ಮನಿಗೆ ಎಚ್‌ಐವಿ ಇದೆ. ಹೆರಿಗೆ ನೋವು ಶುರುವಾದ ಕೂಡಲೇ 200 ಮಿಲಿಗ್ರಾಂನ ಒಂದು ಮಾತ್ರೆ. ಮಗು ಹುಟ್ಟಿ 72 ಗಂಟೆಯೊಳಗೆ ಅದರ ಬಾಯಿಗೆ ಒಂದು ಸಲ ಸಿರಪ್, ಕೆಜಿಗೆ 2 ಮಿಲಿಗ್ರಾಂ ಲೆಕ್ಕ. ಮೂರು ಕೆಜಿಯ ಮಗುವಿಗೆ 6 ಮಿಲಿಗ್ರಾಂ, ಅಂದರೆ ಸಿರಿಂಜಿನಲ್ಲಿ ಒಂದು ಎಂಎಲ್ ಕೂಡ ತುಂಬದು. ಅಷ್ಟೇ. ಡ್ರಿಪ್ ಇಲ್ಲ, ಫ್ರಿಜ್ ಬೇಡ. 1999ರಲ್ಲಿ ಉಗಾಂಡಾದ ಕಂಪಾಲಾದಲ್ಲಿ ಮಾಡಿದ ಅಧ್ಯಯನದ ಫಲಿತಾಂಶ ಬಂತು. ಹೋಲಿಕೆಗೆ ಎಝಡ್‌ಟಿ ಎಂಬ ಇನ್ನೊಂದು ಔಷಧಿಯನ್ನು ಅಲ್ಪಾವಧಿಗೆ ಕೊಟ್ಟ ಗುಂಪಿನಲ್ಲಿ ಶೇ 25ರಷ್ಟು ಮಕ್ಕಳಿಗೆ ಸೋಂಕು ತಗುಲಿತ್ತು. ನೆವಿರಾಪಿನ್ ಗುಂಪಿನಲ್ಲಿ ಶೇ 13. ಹೆಚ್ಚು ಕಡಿಮೆ ಅರ್ಧ.

ಆಗ ದಕ್ಷಿಣ ಆಫ್ರಿಕಾದ ಸ್ಥಿತಿ ನೋಡಿ. ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಬರುವ ಗರ್ಭಿಣಿಯರಲ್ಲಿ 1990ರಲ್ಲಿ ಶೇ 1ರಷ್ಟೂ ಇಲ್ಲದ ಎಚ್‌ಐವಿ 2000ದ ಹೊತ್ತಿಗೆ ಶೇ 24.5ಕ್ಕೆ ಮುಟ್ಟಿತ್ತು. ನಿಮ್ಮ ವಾರ್ಡಿನಲ್ಲಿ ನಾಲ್ಕು ಹಾಸಿಗೆ ಎಣಿಸಿ, ಒಂದು ಹಾಸಿಗೆಯ ತಾಯಿಗೆ ಸೋಂಕು. ಅಮ್ಮನಿಂದ ಸೋಂಕು ಪಡೆಯುವ ಮಕ್ಕಳು ವರ್ಷಕ್ಕೆ ಸುಮಾರು 70 ಸಾವಿರ ಎಂಬ ಅಂದಾಜು ಇತ್ತು. 2000ದ ಜುಲೈನಲ್ಲಿ ಔಷಧಿ ತಯಾರಿಸುವ ಬೋರಿಂಗರ್ ಇಂಗೆಲ್‌ಹೈಮ್ ಕಂಪನಿ, ಐದು ವರ್ಷ ಇದನ್ನು ಬಿಟ್ಟಿಯಾಗಿ ಕೊಡುತ್ತೇವೆ ಎಂದಿತು. 

ಬಿಟ್ಟಿ! ಸರ್ಕಾರ ಏನು ಮಾಡಿತು ಗೊತ್ತಾ? ಪ್ರಾಂತ್ಯಕ್ಕೆ ಎರಡರಂತೆ, ಒಂಬತ್ತು ಪ್ರಾಂತ್ಯಗಳಲ್ಲಿ 18 ‘ಪ್ರಾಯೋಗಿಕ ಕೇಂದ್ರ’ ಮಾಡಿತು. ಮೊದಲು ಅಲ್ಲಿ ನೋಡೋಣ, ಉಳಿದ ಕಡೆ ಕೊಡುವ ಹಾಗಿಲ್ಲ ಎಂದಿತು. ಖಾಸಗಿ ಆಸ್ಪತ್ರೆಯಲ್ಲಿ ದುಡ್ಡಿರುವವರಿಗೆ ಸಿಗುತ್ತಿತ್ತು. ಸರ್ಕಾರಿ ವೈದ್ಯನ ಎದುರು ಹೆರಿಗೆ ನೋವಿನ ಹೆಂಗಸು ಮಲಗಿದ್ದಾಳೆ, ಏನು ಕೊಡಬೇಕೆಂದು ಅವನಿಗೆ ಗೊತ್ತಿದೆ, ಆದರೆ ಅವನ ಆಸ್ಪತ್ರೆ ಆ ಹದಿನೆಂಟರ ಪಟ್ಟಿಯಲ್ಲಿ ಇಲ್ಲ. ಮ್ಪುಮಲಂಗಾ ಪ್ರಾಂತ್ಯದಲ್ಲಿ ಅತ್ಯಾಚಾರಕ್ಕೆ ಒಳಗಾದವರಿಗೆ ಎಚ್‌ಐವಿ ತಡೆಯುವ ಮಾತ್ರೆ ಕೊಡುತ್ತಿದ್ದ ಸ್ವಯಂಸೇವಕರಿಗೆ ಆಸ್ಪತ್ರೆಯಲ್ಲಿ ಜಾಗ ಬಿಟ್ಟುಕೊಟ್ಟ ತಪ್ಪಿಗೆ ಅಲ್ಲಿನ ಮುಖ್ಯ ವೈದ್ಯರನ್ನು ಕೆಲಸದಿಂದಲೇ ತೆಗೆದರು.

ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಅಂತ ಒಂದು ಸಂಘಟನೆ ಇತ್ತು, ಟಿಎಸಿ ಅನ್ನುತ್ತಾರೆ. ಸೊವೆಟೊದ ಬರಗ್ವನಾಥ್ ಆಸ್ಪತ್ರೆಯ ಮಕ್ಕಳ ವೈದ್ಯರೊಬ್ಬರನ್ನು ಜೊತೆ ಮಾಡಿಕೊಂಡು ಅವರು ಕೋರ್ಟಿಗೆ ಹೋದರು. 2001ರ ಡಿಸೆಂಬರ್ 14ರಂದು ಆಡಳಿತದ ರಾಜಧಾನಿ ಪ್ರಿಟೋರಿಯಾದ ಹೈಕೋರ್ಟಿನಲ್ಲಿ ಗೆದ್ದರು. ಮಾಂಟೊ ಅಪೀಲು ಹಾಕಿದರು. ಮುಂದಿನ ಮಾರ್ಚ್‌ನಲ್ಲಿ ಟೀವಿಯವರು, ಕೋರ್ಟ್ ಹೇಳಿದಂತೆ ನಡೆಯುತ್ತೀರಾ ಎಂದು ಕೇಳಿದಾಗ, ಇಲ್ಲ ಎಂಬರ್ಥದ ಉತ್ತರ ಕೊಟ್ಟುಬಿಟ್ಟರು. ನ್ಯಾಯ ಇಲಾಖೆಯಲ್ಲಿ ಉಪಮಂತ್ರಿಯಾಗಿದ್ದವರು! ಸರ್ಕಾರದವರು ಓಡಿಬಂದು ತೇಪೆ ಹಚ್ಚಬೇಕಾಯಿತು.

2002ರ ಜುಲೈ 5ರಂದು ಸಂವಿಧಾನ ನ್ಯಾಯಾಲಯ ಕೊನೆಯ ತೀರ್ಪು ಕೊಟ್ಟಿತು. ಸರ್ಕಾರದ ವಾದಗಳು ಏನಿದ್ದವು? ಔಷಧಿಯಿಂದ ವೈರಾಣು ಪಳಗಿಬಿಡುತ್ತದೆ, ಎದೆಹಾಲಿನಿಂದ ಮತ್ತೆ ಸೋಂಕು ಬರುತ್ತದೆ, ಸುರಕ್ಷಿತವೋ ಇಲ್ಲವೋ, ಆಪ್ತಸಲಹೆಗೆ ಜನ ಇಲ್ಲ. ಮೊದಲ ಎರಡು ನಿಜವಾದ ತೊಂದರೆಗಳೇ. ಒಂದೇ ಡೋಸಿನ ನೆವಿರಾಪಿನ್‌ನಿಂದ ತಾಯಿಯ ದೇಹದ ವೈರಾಣು ಆ ಔಷಧಿಗೆ ಬಗ್ಗದಂತಾಗುವುದು ಉಂಟು, ಅದಕ್ಕೇ ಮುಂದೆ ಆ ಪದ್ಧತಿ ಬಿಟ್ಟು ಒಳ್ಳೆಯ ಔಷಧಿ ಜೋಡಿಗಳು ಬಂದವು. ಆದರೆ ನ್ಯಾಯಾಲಯ ಕೇಳಿದ್ದು ಇಷ್ಟೇ: ವೈದ್ಯರು ಬೇಕು ಅಂದ ಕಡೆ, ಪರೀಕ್ಷೆ ಮತ್ತು ಆಪ್ತಸಲಹೆಯ ಅನುಕೂಲ ಇರುವ ಕಡೆ, ಕೊಡಬೇಡಿ ಅನ್ನಲು ನಿಮಗೇನು ಕಾರಣ? ಕಾರಣ ಇರಲಿಲ್ಲ. ನಿರ್ಬಂಧ ತೆಗೆಯಿರಿ, ಬೇರೆ ಆಸ್ಪತ್ರೆಗಳಿಗೂ ಹಬ್ಬಿಸಿ ಎಂದು ಆದೇಶವಾಯಿತು. ಆ ದೇಶದ ಸಂವಿಧಾನದ 27ನೇ ವಿಧಿಯಲ್ಲಿ ಆರೋಗ್ಯ ಸೇವೆ ಪಡೆಯುವುದು ಹಕ್ಕು ಎಂದು ಬರೆದಿದೆ. ಅದನ್ನು ಬರೆದ ಸಂಸತ್ತಿನಲ್ಲಿ ಮಾಂಟೊ ಕೂಡ ಕೂತಿದ್ದರು.

ಎಚ್‌ಐವಿಯಿಂದ ಏಡ್ಸ್ ಬರುತ್ತೆ ಅಂತ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಮುಗೀತಿತ್ತಲ್ವಾ?
*— ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು*

ಮುಗೀತಿತ್ತು ಮೇಷ್ಟ್ರೇ. ಹೇಳಲಿಲ್ಲ.

2000ದ ಸೆಪ್ಟೆಂಬರ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ರೇಡಿಯೊ 702ರಲ್ಲಿ ಜಾನ್ ರಾಬಿ ಎಂಬಾತ ಅವರನ್ನು ಇದೇ ಪ್ರಶ್ನೆ ಕೇಳಿದ. ಹೌದು ಅಥವಾ ಇಲ್ಲ, ಅಷ್ಟೇ ಬೇಕಾಗಿದ್ದದ್ದು. ಇವರು, ನನ್ನ ನೀತಿ ಪತ್ರಗಳನ್ನು ಓದಿಕೋ ಅಂದರು. ಅವನು ಮತ್ತೆ ಕೇಳಿದ, ‘ಮಾಂಟೊ’ ಎಂದು ಹೆಸರು ಹಿಡಿದು. ಸಿಟ್ಟು ನೆತ್ತಿಗೇರಿತು. ನಿನಗೆ ನಾನು ಮಾಂಟೊ ಅಲ್ಲ, ನಿನ್ನ ಗೆಳತಿ ಅಲ್ಲ ಅಂದರು. ಕೊನೆಗೆ ಅವನೇ ತಾಳ್ಮೆ ಕಳೆದುಕೊಂಡು, ಹೋಗಿ ಅತ್ತ ಎಂದು ಸಂಭಾಷಣೆ ಮುಗಿಸಿದ.

ವಯಸ್ಸಿನಲ್ಲಿ ಹಿರಿಯ ಕರಿಯ ಹೆಂಗಸನ್ನು ಬಿಳಿಯ ಗಂಡಸೊಬ್ಬ ಮೊಟಕು ಹೆಸರಿನಿಂದ ಕರೆದದ್ದು ಸರಿಯಲ್ಲ, ಆ ದೇಶದಲ್ಲಂತೂ ಸರಿಯಲ್ಲ. ತಲೆತಲಾಂತರದಿಂದ ಮನೆಗೆಲಸದವರನ್ನು ಹಾಗೆ ಕರೆದು ಅಭ್ಯಾಸವಾದ ಊರುಗಳು ಅವು. ಅವರ ಕೋಪ ನನಗೆ ಅರ್ಥವಾಗುತ್ತದೆ. ಪ್ರಶ್ನೆಗೆ ಉತ್ತರ ಮಾತ್ರ ಇನ್ನೂ ಬಾಕಿ ಇತ್ತು.

ವಿದೇಶಿ ಔಷಧಿ ಕಂಪನಿಗಳು ಬಡ ದೇಶಗಳನ್ನು ಸುಲಿಯುತ್ತಿದ್ದವು. ಅವರನ್ನು ಎದುರಿಸಿದ ಹೆಣ್ಣುಮಗಳಿಗೆ ನೀವು ಹೀಗೆ ಬೈಯುವುದೇ?
*— ಕಾರ್ಮಿಕ ಸಂಘದ ಹಳೇ ಕಾರ್ಯಕರ್ತ*

ಸುಲಿಯುತ್ತಿದ್ದದ್ದು ನಿಜ ಕಾಮ್ರೇಡ್. ಎಚ್‌ಐವಿ ಔಷಧಿಗೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಆಗುತ್ತಿತ್ತು. ಅಗ್ಗದ ಔಷಧಿ ತರಿಸಿಕೊಳ್ಳಲು ದಕ್ಷಿಣ ಆಫ್ರಿಕಾ 1997ರಲ್ಲಿ ಕಾನೂನು ಮಾಡಿದಾಗ, ಕಂಪನಿಗಳ ದಂಡೇ ಅದರ ಮೇಲೆ ದಾವೆ ಹೂಡಿತು. ವಿಚಾರಣೆಗೆ ಬರುವಾಗ ಅವು 39. ಜಗತ್ತೆಲ್ಲ ಛೀಮಾರಿ ಹಾಕಿದ ಮೇಲೆ 2001ರ ಏಪ್ರಿಲ್‌ನಲ್ಲಿ ಬಾಲ ಮುದುರಿಕೊಂಡು ಕೇಸ್ ವಾಪಸ್ ತೆಗೆದುಕೊಂಡವು. ಅದಕ್ಕೆ ಎರಡು ತಿಂಗಳ ಮೊದಲು ಭಾರತದ ಸಿಪ್ಲಾ ಕಂಪನಿ ಮೂರು ಔಷಧಿಗಳ ಜೋಡಿಯನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇವೆ ಎಂದು ಗಡಿಯಿಲ್ಲದ ವೈದ್ಯರ ಸಂಸ್ಥೆಗೆ ಹೇಳಿತ್ತು. ಹತ್ತು ಸಾವಿರದಿಂದ ಮುನ್ನೂರೈವತ್ತಕ್ಕೆ!

ಆ ಕೇಸಿನಲ್ಲಿ ಕಂಪನಿಗಳ ವಿರುದ್ಧ ಸರ್ಕಾರದ ಪಕ್ಕ ನಿಂತವರು ಯಾರು ಗೊತ್ತಾ? ಇದೇ ಟಿಎಸಿ. ಕೋರ್ಟಿನ ಹೊರಗೆ ಸರ್ಕಾರಕ್ಕೆ ಜೈ ಅಂದು ಕುಣಿದ ಜನ ಅವರು. ಗೆದ್ದ ದಿನವೇ ಮಾಂಟೊ ಅವರನ್ನು ಕೇಳಿದರು, ಇನ್ನೀಗ ಎಲ್ಲರಿಗೂ ಔಷಧಿ ಕೊಡುತ್ತೀರಲ್ಲ ಎಂದು. ಅಂಥ ಯೋಜನೆ ಇಲ್ಲ ಎಂಬಂತೆ ಮಾತಾಡಿದರು. ಬಾಗಿಲು ತೆರೆಯಲು ಹೊಡೆದಾಡಿ, ತೆರೆದ ಮೇಲೆ ಒಳಗೆ ಹೋಗಲು ಒಲ್ಲೆ ಅಂದ ಹಾಗೆ. ವರ್ಷದೊಳಗೆ ಅದೇ ಟಿಎಸಿ ಅದೇ ಸರ್ಕಾರದ ಮೇಲೆ ಕೋರ್ಟಿಗೆ ಹೋಗಬೇಕಾಯಿತು.

ಟಿಎಸಿ ಮುಂದಾಳು ಝ್ಯಾಕಿ ಅಕ್ಮತ್ ಅವರಿಗೇ ಎಚ್‌ಐವಿ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಸಿಗುವ ತನಕ ನಾನೂ ಮಾತ್ರೆ ತೆಗೆದುಕೊಳ್ಳುವುದಿಲ್ಲ ಎಂದು ಹಠ ಹಿಡಿದರು. 2002ರಲ್ಲಿ ಮಂಡೇಲಾ ತಾವೇ ಅಕ್ಮತ್ ಮನೆಗೆ ಹೋಗಿ, ತಗೋ ಮಾರಾಯ ಎಂದು ಕೇಳಿಕೊಂಡರು. ಕೇಪ್‌ಟೌನ್ ಹೊರವಲಯದ ಖಯಲಿಟ್ಷಾದಲ್ಲಿ, ಎಚ್‌ಐವಿ ಪಾಸಿಟಿವ್ ಎಂದು ಎದೆಯ ಮೇಲೆ ಅಚ್ಚಾದ ಟಿಎಸಿ ಟೀ ಶರ್ಟನ್ನು ಮಂಡೇಲಾ ತಾವೇ ತೊಟ್ಟುಕೊಂಡು ನಿಂತದ್ದೂ ಅದೇ ವರ್ಷ. ನಿಮ್ಮಂಥ ಹಳೇ ಕಾರ್ಯಕರ್ತರು ಯಾರ ಪಕ್ಕ ನಿಲ್ಲಬೇಕಿತ್ತು ಅನ್ನುವುದು ನನಗಂತೂ ಸ್ಪಷ್ಟ.

ತಪ್ಪೆಲ್ಲ ಎಂಬೆಕಿಯದು. ಮಂತ್ರಿ ಏನು ಮಾಡಲು ಆಗುತ್ತೆ? ಮೇಲಿನವರು ಹೇಳಿದ್ದು ಕೇಳಬೇಕಷ್ಟೇ.
*— ಸರ್ಕಾರಿ ನೌಕರ, ಹೆಸರು ಬೇಡ*

ನಿಮ್ಮ ಹೆಸರು ಯಾಕೆ ಬೇಡ ಅನ್ನುವುದು ಅರ್ಥವಾಯಿತು ಬಿಡಿ.

ಮೂಲ ಎಂಬೆಕಿಯೇ, ಒಪ್ಪಿದೆ. ಏಡ್ಸ್‌ಗೆ ಎಚ್‌ಐವಿ ಕಾರಣವೇ ಅಲ್ಲ ಅನ್ನುವ ಪೀಟರ್ ಡ್ಯೂಸ್‌ಬರ್ಗ್‌ನಂಥವರನ್ನು 2000ದಲ್ಲಿ ಸಲಹಾ ಮಂಡಳಿಗೆ ಕರೆಸಿದವರು ಅವರು. ಆಫ್ರಿಕಾದವರ ಲೈಂಗಿಕತೆಯ ಬಗ್ಗೆ ಬಿಳಿಯರು ಆಡಿದ ಕೆಟ್ಟ ಮಾತುಗಳ ಗಾಯ ಅವರಲ್ಲಿ ಆಳವಾಗಿತ್ತು. ಬಡತನವೇ ದೊಡ್ಡ ಕಾಯಿಲೆ ಎಂದು ನಂಬಿದ್ದರು. ಮಾಂಟೊ ಅವರ ಜೊತೆ 1962ರಲ್ಲಿ ಗಡಿ ದಾಟಿದವರು. ದೇಶಬಿಟ್ಟವರಿಗೆ ಪಕ್ಷವೇ ತವರುಮನೆ, ಅಲ್ಲಿ ನಾಯಕನ ಮಾತು ಮೀರುವುದು ಅಂದರೆ ದ್ರೋಹ. ಇಷ್ಟನ್ನೆಲ್ಲ ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇನೆ.

ಆದರೆ ಅದೇ ಇಲಾಖೆಯಲ್ಲಿ, ಅದೇ ಪಕ್ಷದಲ್ಲಿ, ನೊಝಿಝ್ವೆ ಮದ್ಲಾಲಾ-ರೌಟ್ಲೆಜ್ ಎಂಬ ಉಪಮಂತ್ರಿ ಇದ್ದರು. ಮಾಂಟೊ ಕಾಯಿಲೆ ಬಿದ್ದಿದ್ದಾಗ ಆಕೆ ಮತ್ತು ಉಪರಾಷ್ಟ್ರಾಧ್ಯಕ್ಷೆ ಫುಂಝಿಲೆ ಮ್ಲಾಂಬೊ-ನ್ಗ್ಚುಕಾ ಸೇರಿ, ಹೋರಾಟಗಾರರನ್ನು ಕೂರಿಸಿಕೊಂಡು, 2007ರಿಂದ 2011ರ ತನಕದ ಏಡ್ಸ್ ಯೋಜನೆ ಸಿದ್ಧಮಾಡಿದರು. ಮಕ್ಕಳು ಸಾಯುತ್ತಿದ್ದಾರೆ ಎಂಬ ಪತ್ರಿಕಾ ವರದಿ ನೋಡಿ ಆ ಉಪಮಂತ್ರಿ ಈಸ್ಟ್ ಲಂಡನ್ ಪಟ್ಟಣದ ಫ್ರೇರ್ ಆಸ್ಪತ್ರೆಗೆ ಹೇಳದೆ ಕೇಳದೆ ನುಗ್ಗಿ, ಇದು ರಾಷ್ಟ್ರೀಯ ತುರ್ತು ಸ್ಥಿತಿ ಎಂದರು. ಕೆಲಸಕ್ಕೆ ವಾಪಸಾಗಿದ್ದ ಮಾಂಟೊ ಅದನ್ನು ಅಲ್ಲಗಳೆದರು. 2007ರ ಆಗಸ್ಟ್‌ನಲ್ಲಿ ಎಂಬೆಕಿ ಆ ಉಪಮಂತ್ರಿಯನ್ನೇ ಮನೆಗೆ ಕಳಿಸಿದರು. ಅನುಮತಿಯಿಲ್ಲದೆ ಮ್ಯಾಡ್ರಿಡ್‌ನ ಏಡ್ಸ್ ಸಭೆಗೆ ಹೊರಟಿದ್ದೂ ಒಂದು ನೆಪವಾಯಿತು.

ಕ್ವಾಜುಲು-ನಟಾಲ್ ಪ್ರಾಂತ್ಯದ ಮುಖ್ಯಸ್ಥ ಲಯೊನೆಲ್ ಮ್ಟ್‌ಶಾಲಿ ಬೇರೆ ಪಕ್ಷದವರು, ಕೇಂದ್ರಕ್ಕೆ ಕಾಯದೆ 2002ರಲ್ಲೇ ನೆವಿರಾಪಿನ್ ಹಂಚಿಸಿದರು. ಗೌಟೆಂಗ್ ಪ್ರಾಂತ್ಯದ ಮುಖ್ಯಸ್ಥ ಎಎನ್‌ಸಿಯವರೇ, ನಾವೂ ಕೊಡುತ್ತೇವೆ ಎಂದಾಗ ಮಾಂಟೊ ಸಿಡುಕಿದರು. ಬೇರೆ ದಾರಿ ಇತ್ತು ಸಾರ್. ಹಿಡಿದವರು ಬೆಲೆ ಕೊಟ್ಟರು, ಅಷ್ಟೇ.

ಆಕೆಯ ಯಕೃತ್ತಿನ ಕಥೆ ಏನು? ಕುಡಿತ ಅಂತ ಎಲ್ಲೋ ಓದಿದೆ.
*— ಕುತೂಹಲಿ ಓದುಗ*

2007ರ ಮಾರ್ಚ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಯಕೃತ್ತಿನ ಕಸಿ ಆಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬೀಳುವ ಹೆಪಟೈಟಿಸ್ ಎಂದು ಅವರ ವೈದ್ಯರು ಹೇಳಿದ್ದರು. ಆಗಸ್ಟ್‌ನಲ್ಲಿ ಅಲ್ಲಿನ ಸಂಡೇ ಟೈಮ್ಸ್ ಪತ್ರಿಕೆ ಅವರ ಆಸ್ಪತ್ರೆಯ ದಾಖಲೆ ಹಿಡಿದು ಕುಡಿತದ ಆರೋಪ ಅಚ್ಚುಹಾಕಿತು. ಪ್ರಕರಣ ಕೋರ್ಟಿಗೆ ಹೋಯಿತು. ದಾಖಲೆಗಳನ್ನು ವಾಪಸ್ ಕೊಡಿ, ಆದರೆ ಸಾರ್ವಜನಿಕ ಹಿತದ ವಿಷಯ ಆದ್ದರಿಂದ ಬರೆಯುವುದನ್ನು ತಡೆಯಲಾಗದು ಎಂದು ನ್ಯಾಯಾಧೀಶರು ಹೇಳಿದರು.

ನನಗೆ ಈ ಕಥೆಯಲ್ಲಿ ಆಸಕ್ತಿ ಇಲ್ಲ. ರೋಗಿಯ ಕೇಸ್ ಶೀಟ್ ರೋಗಿಯದ್ದು, ರೋಗಿ ಮಾಂಟೊ ಆದರೂ ಸರಿ. ಅವರ ಮೇಲೆ ಹೊರಿಸಲು ಬಯಲಲ್ಲೇ ಬೇಕಾದಷ್ಟಿದೆ, ಹಾಸಿಗೆಯ ಕೆಳಗೆ ಹುಡುಕುವುದು ಯಾಕೆ? ಹೌದು, ಕಸಿ ಮಾಡಿಸಿಕೊಂಡವರು ಬದುಕಿರುವ ತನಕ ವಿಷದಂಥ ಮಾತ್ರೆಗಳನ್ನು ನುಂಗಲೇಬೇಕು, ಅವಕ್ಕೂ ಅಡ್ಡಪರಿಣಾಮ ಇದೆ. ಅವರು ನುಂಗಿದರು. ಇಷ್ಟು ಮಾತ್ರ ಹೇಳಬಲ್ಲೆ.

ಸತ್ತವರ ಸಂಖ್ಯೆಯನ್ನು ಮೂರು ಲಕ್ಷ ಅಂತಾರೆ. ಯಾರು ಎಣಿಸಿದ್ದು? ಸುಮ್ನೆ ಬಾಯಿಗೆ ಬಂದದ್ದಾ?
*— ಲೆಕ್ಕಪರಿಶೋಧಕ*

ಒಬ್ಬೊಬ್ಬರನ್ನೇ ಎಣಿಸಿದ್ದಲ್ಲ, ಅಂದಾಜು. 2008ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಮಾಡಿದ್ದು. ವಿಧಾನ ನಿಮಗೆ ಇಷ್ಟವಾಗಬಹುದು. ಪಕ್ಕದ ಬೋಟ್ಸ್ವಾನಾ, ನಮೀಬಿಯಾ ದೇಶಗಳು 2000ದಿಂದ 2005ರ ತನಕ ಎಷ್ಟು ಬೇಗ ಔಷಧಿ ಹಂಚಿದವು ಎಂದು ನೋಡಿದರು. ದಕ್ಷಿಣ ಆಫ್ರಿಕಾ ಅದೇ ರೀತಿ ಕೈಲಾದಷ್ಟು ಮಾಡಿದ್ದರೆ ಎಷ್ಟು ಜನ ಉಳಿಯುತ್ತಿದ್ದರು, ನಿಜವಾಗಿ ಎಷ್ಟು ಜನರಿಗೆ ಸಿಕ್ಕಿತು, ಆ ವ್ಯತ್ಯಾಸ ತೆಗೆದರು. 3,30,000ಕ್ಕೂ ಹೆಚ್ಚು ಜೀವ. ಇದರ ಜೊತೆ, ಸೋಂಕು ತಗುಲಿಸಿಕೊಂಡೇ ಹುಟ್ಟಿದ ಮಕ್ಕಳು 35,000. ಆ ಮಕ್ಕಳಿಗೆ ಬೇಕಾಗಿದ್ದದ್ದು ನಾನು ಮೇಲೆ ನರ್ಸಮ್ಮನಿಗೆ ಹೇಳಿದ ಆ ಸಿರಿಂಜು.

ಎಣಿಕೆಯ ವಿಷಯ ಬಂತಲ್ಲ, ಇದನ್ನೂ ಕೇಳಿ. 2001ರಲ್ಲಿ ಆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, 15ರಿಂದ 49 ವರ್ಷದವರ ಸಾವಿನಲ್ಲಿ ಸುಮಾರು ಶೇ 40 ಏಡ್ಸ್‌ನಿಂದಲೇ ಎಂದು ವರದಿ ಮಾಡಿತು. ಸರ್ಕಾರ ಆ ವರದಿ ಹೊರಬರದಂತೆ ಎಳೆದಾಡಿತು. ಲೆಕ್ಕದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

2003ರ ಆಗಸ್ಟ್‌ನಲ್ಲಿ ಮಂತ್ರಿಮಂಡಲವೇ ಎಲ್ಲರಿಗೂ ಔಷಧಿ ಕೊಡುವ ಯೋಜನೆ ಮಾಡಿ ಎಂದು ಇಲಾಖೆಗೆ ಹೇಳಿತು, 2004ರ ಏಪ್ರಿಲ್‌ನಿಂದ ಹಂಚಿಕೆ ಶುರುವಾಯಿತು. ಆದರೆ ಆಮೆಯ ನಡಿಗೆ. ಈ ನಡುವೆ ಮಥಿಯಾಸ್ ರಾತ್ ಎಂಬ ವಿಟಮಿನ್ ವ್ಯಾಪಾರಿ ಖಯಲಿಟ್ಷಾದ ರೋಗಿಗಳ ಮೇಲೆ ತನ್ನ ಗುಳಿಗೆಗಳನ್ನು ಪ್ರಯೋಗಿಸುತ್ತಿದ್ದ. ಮಂತ್ರಿ ತಡೆಯಲಿಲ್ಲ. ಅದು ಕಾನೂನುಬಾಹಿರ, ತಡೆಯುವುದು ಸರ್ಕಾರದ ಹೊಣೆ ಎಂದು 2008ರ ಜೂನ್‌ನಲ್ಲಿ ಕೇಪ್ ಹೈಕೋರ್ಟ್ ಹೇಳಬೇಕಾಯಿತು.

ಒಂದೂ ಒಳ್ಳೆಯ ಕೆಲಸ ಮಾಡಲಿಲ್ವಾ ಪಾಪ?
*— ಗೃಹಿಣಿ*

ಮಾಡಿದರು. ಸಾರ್ವಜನಿಕ ಜಾಗಗಳಲ್ಲಿ ಸಿಗರೇಟಿಗೆ ಕಡಿವಾಣ ಹಾಕುವ ಕಾನೂನು ಅವರಿಗಿಂತ ಮೊದಲೇ ಆಗಿತ್ತು, ಅದನ್ನು ಜಾರಿಗೆ ತಂದದ್ದು ಅವರ ಕಾಲದಲ್ಲಿ. ಖಾಸಗಿ ಅಂಗಡಿಗಳಲ್ಲಿ ಔಷಧಿಗೆ ಮನಸ್ಸಿಗೆ ಬಂದ ಬೆಲೆ ಹಾಕುವುದನ್ನು ತಡೆಯಲು 2004ರಲ್ಲಿ ಒಂದೇ ಬೆಲೆಯ ನಿಯಮ ತಂದರು. ಔಷಧಿ ಅಂಗಡಿಗಳು ಕೋರ್ಟಿಗೆ ಎಳೆದವು, ಆದರೂ ಪಟ್ಟು ಬಿಡಲಿಲ್ಲ. ಅದೇ ಹಠ ಇನ್ನೊಂದು ಕಡೆ ಇದ್ದಿದ್ದರೆ ಅಂತ ಅನಿಸುತ್ತದೆ.

ಅವರು ಹೋದ ಮೇಲೆ ಏನಾಯಿತು? ಯಾರಾದರೂ ಕೇಳಿದರಾ, ಶಿಕ್ಷೆ ಆಯಿತಾ?
*— ಪಿಯುಸಿ ಓದುವ ಹುಡುಗ*

ಶಿಕ್ಷೆ ಇಲ್ಲಪ್ಪ. 2008ರ ಸೆಪ್ಟೆಂಬರ್‌ನಲ್ಲಿ ಪಕ್ಷ ಎಂಬೆಕಿಯನ್ನು ಇಳಿಸಿತು. ಮಾಂಟೊ ಅವರನ್ನು ಆರೋಗ್ಯ ಇಲಾಖೆಯಿಂದ ಎತ್ತಿ ರಾಷ್ಟ್ರಾಧ್ಯಕ್ಷರ ಕಚೇರಿಯ ಮಂತ್ರಿ ಮಾಡಿದರು, 2009ರ ಮೇ ತನಕ ಇದ್ದರು. ಅವರ ಜಾಗಕ್ಕೆ ಬಂದವರು ಬಾರ್ಬರಾ ಹೋಗನ್. ಅಪಾರ್ಥೈಡ್ ಅನ್ನುವ ವರ್ಣಭೇದದ ಆಡಳಿತದ ಕಾಲದಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದವರು, ಡಾಕ್ಟರಲ್ಲ. ಬಂದ ಮುಂದಿನ ತಿಂಗಳೇ ಕೇಪ್‌ಟೌನ್‌ನ ಲಸಿಕೆ ಸಮ್ಮೇಳನದಲ್ಲಿ ಎದ್ದು ನಿಂತು, ಏಡ್ಸ್‌ಗೆ ಎಚ್‌ಐವಿಯೇ ಕಾರಣ ಎಂದು ನೇರವಾಗಿ ಹೇಳಿದರು. ಮೇಲೆ ಮೇಷ್ಟ್ರು ಕೇಳಿದರಲ್ಲ, ಅದೇ ವಾಕ್ಯ.

2009ರ ಡಿಸೆಂಬರ್ 1ರಂದು ಆಗಿನ ರಾಷ್ಟ್ರಾಧ್ಯಕ್ಷ ಜೇಕಬ್ ಝೂಮಾ, ಎಚ್‌ಐವಿ ಇರುವ ಒಂದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಚಿಕಿತ್ಸೆ ಎಂದು ಘೋಷಿಸಿದರು. ಮಾಂಟೊ ತೀರಿಕೊಂಡಿದ್ದು ಅದೇ ತಿಂಗಳ 16ರಂದು, ಕಸಿಯ ನಂತರದ ತೊಡಕುಗಳಿಂದ, 69ನೇ ವಯಸ್ಸಿನಲ್ಲಿ. 2010ರಲ್ಲಿ ದೇಶಾದ್ಯಂತ ಸಮೀಕ್ಷೆ ಮಾಡಿ, ಸೋಂಕಿತ ತಾಯಂದಿರ ಆರು ವಾರದ ಮಕ್ಕಳನ್ನು ಪರೀಕ್ಷಿಸಿದಾಗ ಸೋಂಕು ಕಂಡದ್ದು ಶೇ 3.5ರಲ್ಲಿ. ಈಗ ಆ ದೇಶದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿ ಮಾತ್ರೆ ನುಂಗಿ ಬದುಕಿದ್ದಾರೆ, ಜಗತ್ತಿನಲ್ಲೇ ಅತಿ ದೊಡ್ಡ ಎಚ್‌ಐವಿ ಚಿಕಿತ್ಸಾ ಕಾರ್ಯಕ್ರಮ ಅದು. ಆರೋಗ್ಯ ಇಲಾಖೆಯೇ ನಡೆಸುತ್ತಿದೆ, ಅದೇ ಪ್ರಿಟೋರಿಯಾದಿಂದ.